ರೊಟ್ಟಿ ಬಿಡುವ ಮುನ್ನ: ಊಟದ ಕಾಯಿಲೆ ಇರುವವರು 'ಲೋ ಕಾರ್ಬ್' ಪಥ್ಯ ಹಿಡಿಯಬಹುದೇ?



ಕರಾವಳಿಯಿಂದ ಹೋಗಿ ಹುಬ್ಬಳ್ಳಿ-ಧಾರವಾಡದಲ್ಲಿ ನೆಲೆಸಿರುವ ಕುಟುಂಬವೊಂದರ ತಾಯಿ, ಕೆಲವು ವರ್ಷಗಳ ಹಿಂದೆ ಊರ ಹಬ್ಬಕ್ಕೆ ಬಂದಿದ್ದಾಗ ನಮ್ಮೊಡನೆ ಸಂತೋಷದಿಂದಲೇ ಒಂದು ಮಾತು ಹೇಳಿದ್ದರು. "ಫಾದರ್, ಮಗಳು ಈ ತಪಸ್ಸುಕಾಲದಲ್ಲಿ ನಲವತ್ತು ದಿನವೂ ಒಂದೇ ಹೊತ್ತು ಊಟ ಮಾಡಿದ್ದಾಳೆ. ನಮ್ಮಿಂದ ಆಗುವುದಿಲ್ಲ." ನಾವೂ ಸಂತೋಷಪಟ್ಟೆವು. ಅಷ್ಟೇ ಅಲ್ಲ, ಅಂದು ಸೇರಿದ್ದ ಯುವಜನರ ಮುಂದೆ ಆ ಹುಡುಗಿಯನ್ನು ಹೊಗಳಿದೆವು. ಅವಳು ತಲೆ ತಗ್ಗಿಸಿ ನಿಂತಿದ್ದು ವಿನಯದಿಂದ ಎಂದು ನಮಗೆ ಅನಿಸಿತ್ತು.

ಮುಂದಿನ ವರ್ಷ ತಿಳಿದದ್ದು ಬೇರೆಯೇ. ಹಗಲೆಲ್ಲ ಉಪವಾಸವಿದ್ದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆ ಮನೆಗೆ ಹೋಗಿ ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುವುದು, ಅನಂತರ ಅದನ್ನು ಹೊರಹಾಕುವುದು, ಮರುದಿನ ಪಶ್ಚಾತ್ತಾಪದಿಂದ ಇನ್ನಷ್ಟು ಕಠಿಣ ಉಪವಾಸ ಮಾಡುವುದು, ಹೀಗೆ ಎರಡು ವರ್ಷ ನಡೆದಿತ್ತು. ವೈದ್ಯರು ಅದಕ್ಕೆ ಬುಲಿಮಿಯಾ ಎಂದರು. ಪರಮಪ್ರಸಾದದ ತೆಳು ರೊಟ್ಟಿಯಲ್ಲಿ ಎಷ್ಟು ಕ್ಯಾಲೊರಿ ಇರುತ್ತದೆಂದು ತಾನು ಲೆಕ್ಕ ಹಾಕುತ್ತಿದ್ದೆನೆಂದು ಆಕೆ ಒಮ್ಮೆ ನಮಗೆ ಹೇಳಿದಾಗ, ನಾವು ಹೊಗಳಿದ್ದು ಭಕ್ತಿಯನ್ನಲ್ಲ, ಕಾಯಿಲೆಯನ್ನು ಎಂಬುದು ಅರ್ಥವಾಯಿತು.

ಈಗ ಆಕೆ ಚಿಕಿತ್ಸೆಯಲ್ಲಿದ್ದಾಳೆ, ಬಹಳ ಸುಧಾರಿಸಿದ್ದಾಳೆ. ಆದರೆ ಇತ್ತೀಚೆಗೆ ರಕ್ತಪರೀಕ್ಷೆಯಲ್ಲಿ ಸಕ್ಕರೆ ಅಂಶ ಗಡಿಯಲ್ಲಿದೆ ಎಂದು ಬಂತು. ತಾಯಿಗೆ ಮಧುಮೇಹವಿದೆ. ಜಿಮ್ಮಿನಲ್ಲಿ ಒಬ್ಬರು, ಅನ್ನ-ರೊಟ್ಟಿ ಬಿಟ್ಟು 'ಲೋ ಕಾರ್ಬ್' ಮಾಡು, ಮೂರು ತಿಂಗಳಲ್ಲಿ ಎಲ್ಲ ಸರಿಯಾಗುತ್ತದೆ ಎಂದಿದ್ದಾರೆ. ಮಾಡಬಹುದೇ ಎಂದು ಆಕೆ ನಮಗೆ ಕೇಳಿದ್ದಾಳೆ. ಔಷಧ, ಪಥ್ಯದ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ಪರಿಚಯದ ವೈದ್ಯರನ್ನು ವಿಚಾರಿಸಿ, ಓದಿ ತಿಳಿದುಕೊಂಡದ್ದನ್ನು ಆಕೆಯ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ. ಇದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರಬಹುದು.

ಮೊದಲು ಈ ಪಥ್ಯದ ವಿಚಾರ. ಇದು ಹೊಸತೇನಲ್ಲ. 1863ರಲ್ಲೇ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬ ಶವಸಂಸ್ಕಾರ ವ್ಯವಸ್ಥಾಪಕರು ಬ್ರೆಡ್, ಆಲೂಗಡ್ಡೆ, ಸಕ್ಕರೆ ಬಿಟ್ಟು ತೂಕ ಇಳಿಸಿಕೊಂಡ ಕಥೆಯನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿದ್ದರು. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಡಾ. ರಸೆಲ್ ವೈಲ್ಡರ್ ಮೂರ್ಛೆರೋಗಕ್ಕಾಗಿ 'ಕೀಟೋ' ಪಥ್ಯವನ್ನು ಸೂಚಿಸಿದರು. ಗಮನಿಸಿ, ಅದು ತೂಕ ಇಳಿಸಲು ಅಲ್ಲ, ಕಾಯಿಲೆಗೆ ಔಷಧವಾಗಿ, ವೈದ್ಯರ ಕಣ್ಣಳತೆಯಲ್ಲಿ. 1972ರಲ್ಲಿ ಡಾ. ಅಟ್ಕಿನ್ಸ್ ಅವರ ಪುಸ್ತಕದಿಂದ ಅದು ಮನೆಮಾತಾಯಿತು.

ಸಾಮಾನ್ಯವಾಗಿ ದಿನಕ್ಕೆ 130 ಗ್ರಾಮಿಗಿಂತ ಕಡಿಮೆ ಶರ್ಕರಪಿಷ್ಟ ತಿಂದರೆ ಅದನ್ನು ಲೋ ಕಾರ್ಬ್ ಎನ್ನುತ್ತಾರೆ. ಕೀಟೋ ಎಂದರೆ 50 ಗ್ರಾಮಿಗೂ ಕಡಿಮೆ. ಒಂದು ಜೋಳದ ರೊಟ್ಟಿಯಲ್ಲೇ ಸುಮಾರು 30 ಗ್ರಾಂ ಇರುತ್ತದೆ. ಹುಬ್ಬಳ್ಳಿ ಕಡೆ ಊಟವೆಂದರೆ ಎರಡು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಕೊನೆಗೆ ಅನ್ನ-ಸಾರು. ನಮ್ಮ ಕಡೆ ಕುಚ್ಚಲಕ್ಕಿ ಗಂಜಿ. ಹೀಗಿರುವಾಗ ಕೀಟೋ ಮಾಡುವುದೆಂದರೆ ಮನೆಯವರೊಂದಿಗೆ ಒಂದೇ ತಟ್ಟೆಯ ಊಟ ಮಾಡುವುದನ್ನೇ ಬಿಟ್ಟಂತೆ. ಆರೋಗ್ಯವಂತರಿಗೆ ಅದು ಬರಿಯ ಅನನುಕೂಲ. ಊಟದ ಕಾಯಿಲೆಯವರಿಗೆ ಒಬ್ಬರೇ ಕುಳಿತು, ಬೇರೆ ಹೊತ್ತಿನಲ್ಲಿ, ಬೇರೆ ತಿನಿಸು ತಿನ್ನಲು ಸಿಗುವ ಒಪ್ಪಿತ ನೆಪ ಅದು.

ಲೋ ಕಾರ್ಬ್ ಕುರಿತು ಹೇಳುವುದೆಲ್ಲ ಸುಳ್ಳು ಎಂದೂ ನಾವು ಹೇಳುವುದಿಲ್ಲ. ನಾವು ಭಾರತೀಯರು ಪಿಷ್ಟವನ್ನು ಹೆಚ್ಚು ತಿನ್ನುತ್ತೇವೆ ಎಂಬುದು ನಿಜ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ 2025ರ ವರದಿಯಂತೆ ನಮ್ಮ ಆಹಾರದ ಶಕ್ತಿಯಲ್ಲಿ ಸುಮಾರು 62 ಶೇಕಡಾ ಪಿಷ್ಟದಿಂದಲೇ ಬರುತ್ತದೆ. ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯ ತಿಂದರೆ ಸಾಕು ಎಂಬ ನಂಬಿಕೆಗೂ ಆ ವರದಿ ಬೆಂಬಲ ಕೊಡುವುದಿಲ್ಲ. ಒಟ್ಟು ಪಿಷ್ಟ ಕಡಿಮೆಯಾಗಿ ಬೇಳೆ, ಕಾಳು, ಹಾಲಿನಂಥವುಗಳಿಂದ ಪ್ರೊಟೀನ್ ಹೆಚ್ಚಬೇಕು. ಧಾರವಾಡದವರು ಜೋಳಕ್ಕೆ ಸಕ್ಕರೆ ಏರುವುದಿಲ್ಲ ಎಂದು ನಾಲ್ಕು ರೊಟ್ಟಿ ತಿಂದರೆ ಪ್ರಯೋಜನವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯೂ ದಿನದ ಶಕ್ತಿಯಲ್ಲಿ ಧಾನ್ಯದ ಪಾಲು 45 ಶೇಕಡಾ ಮೀರದಿರಲಿ ಎನ್ನುತ್ತದೆ. ಆದರೆ ಪಿಷ್ಟವನ್ನು ಕಡಿಮೆ ಮಾಡಿ ಎಂದು ಹೇಳುವುದೂ, ಪಿಷ್ಟವೇ ಶತ್ರು ಎಂದು ಹೇಳುವುದೂ ಒಂದೇ ಅಲ್ಲ. ಊಟದ ಕಾಯಿಲೆ ಇರುವವರ ಕಿವಿಗೆ ಎರಡನೆಯದೇ ಬೀಳುತ್ತದೆ.

ಏಕೆ ಹಾಗೆ? ಊಟದ ಕಾಯಿಲೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಊಟವನ್ನೇ ಕಡಿಮೆ ಮಾಡುತ್ತಾ ಹೋಗಿ ದೇಹ ಕೃಶವಾದರೂ ದಪ್ಪವಾಗಿದ್ದೇನೆ ಎಂಬ ಭಯ ಬಿಡದಿರುವುದು ಅನೊರೆಕ್ಸಿಯಾ. ಹತೋಟಿ ತಪ್ಪಿ ತಿಂದು ಅನಂತರ ವಾಂತಿ, ಉಪವಾಸ, ಅತಿ ವ್ಯಾಯಾಮಗಳಿಂದ ಸರಿದೂಗಿಸಲು ಹೊರಡುವುದು ಬುಲಿಮಿಯಾ, ಲಂಡನ್ನಿನ ಡಾ. ಜೆರಾಲ್ಡ್ ರಸೆಲ್ 1979ರಲ್ಲಿ ಇದಕ್ಕೆ ಈ ಹೆಸರಿಟ್ಟರು. ಸರಿದೂಗಿಸುವ ಯತ್ನವಿಲ್ಲದೆ ಹತೋಟಿ ತಪ್ಪಿ ತಿನ್ನುವುದು ಬಿಂಜ್ ಈಟಿಂಗ್. ಮೂರನೆಯದು ಹೊರಗಿನವರಿಗೆ ಬಾಯಿಚಪಲದಂತೆ ಕಾಣುತ್ತದೆ. ಹುಡುಗಿಯರಿಗೆ ಮಾತ್ರ ಬರುವ ಕಾಯಿಲೆ ಇದಲ್ಲ; ಜಿಮ್ಮಿಗೆ ಹೋಗುವ ಹುಡುಗರಲ್ಲೂ, ಹಾಸ್ಟೆಲಿನಲ್ಲೂ, ಗುರುಮಠ ಕಾನ್ವೆಂಟುಗಳಲ್ಲೂ ಇರಬಹುದು.

ಹತೋಟಿ ತಪ್ಪಿ ತಿನ್ನುವುದಕ್ಕೆ ಮನಸ್ಸಿನ ದೌರ್ಬಲ್ಯ ಕಾರಣವೆಂದು ನಾವೆಲ್ಲ ತಿಳಿದಿದ್ದೆವು. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧದಿಂದ ಬರಗಾಲಕ್ಕೆ ಸಿಲುಕಿದವರನ್ನು ಹೇಗೆ ಚೇತರಿಸಬೇಕೆಂದು ತಿಳಿಯಲು 36 ಮಂದಿ ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಅವರೆಲ್ಲ ಆತ್ಮಸಾಕ್ಷಿಯ ಕಾರಣಕ್ಕೆ ಯುದ್ಧಕ್ಕೆ ಹೋಗಲು ಒಪ್ಪದವರು, ಸ್ವಇಚ್ಛೆಯಿಂದ ಬಂದವರು, ಮನಸ್ಸು ಗಟ್ಟಿಯಿದ್ದವರು. ತೂಕ ಇಳಿದಂತೆ ಅವರ ಮಾತೆಲ್ಲ ಊಟದ ಸುತ್ತಲೇ ತಿರುಗತೊಡಗಿತು. ಅಡುಗೆ ಪುಸ್ತಕ ಓದುತ್ತಿದ್ದರು, ತಟ್ಟೆ ನೆಕ್ಕುತ್ತಿದ್ದರು. ಪ್ರಯೋಗ ಮುಗಿದ ಮೇಲೂ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಿರಲಿಲ್ಲ. ಹಸಿದ ದೇಹ ಹಾಗೆಯೇ ನಡೆದುಕೊಳ್ಳುತ್ತದೆ. ಆದ್ದರಿಂದ ನಮ್ಮ ಹುಡುಗಿಯ ರಾತ್ರಿಯ ತಿನ್ನುವಿಕೆ ಹಗಲಿನ ಉಪವಾಸದ ಮಗು. ನಾವು ಹೊಗಳಿದ್ದು ತಾಯಿಯನ್ನು, ಆಕೆ ನಾಚಿಕೊಂಡದ್ದು ಮಗುವಿಗಾಗಿ.

ಇದಕ್ಕೆ ಇರುವ ಮುಖ್ಯ ಮಾತಿನ ಚಿಕಿತ್ಸೆಯನ್ನು ಆಕ್ಸ್‌ಫರ್ಡಿನ ಡಾ. ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದರು. ಅದರ ಮೊದಲ ಮೆಟ್ಟಿಲು ಅತ್ಯಂತ ಸರಳ: ದಿನಕ್ಕೆ ಮೂರು ಊಟ, ನಡುವೆ ಎರಡು-ಮೂರು ಸಣ್ಣ ತಿಂಡಿ, ಯಾವುದೇ ಎರಡು ಹೊತ್ತಿನ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಅಂತರವಿರಬಾರದು. ಹೆದರಿ ದೂರವಿಟ್ಟ ತಿನಿಸುಗಳನ್ನು ಮುಂದೆ ಒಂದೊಂದಾಗಿ ತಟ್ಟೆಗೆ ತರಬೇಕು. ಧಾರವಾಡ ಪೇಢಾ ತಿಂದರೂ ಆಕಾಶ ಬೀಳುವುದಿಲ್ಲ ಎಂದು ಮನಸ್ಸು ಕಲಿಯಬೇಕು. ಲೋ ಕಾರ್ಬ್ ಪಥ್ಯ ಹೇಳುವುದು ಇದಕ್ಕೆ ನೇರ ವಿರುದ್ಧ: ಕೆಲವು ತಿನಿಸು ನಿಷಿದ್ಧ, ಎಲ್ಲವನ್ನೂ ಅಳೆ, ಲೆಕ್ಕ ಬರೆ. ಒಂದು ಕೈಯಲ್ಲಿ ಕಟ್ಟಿದ ಗೋಡೆಯನ್ನು ಇನ್ನೊಂದು ಕೈಯಲ್ಲಿ ಕೆಡಹಿದಂತೆ.

ತಕ್ಕಡಿಯ ಮೋಸವೊಂದನ್ನು ಇಲ್ಲಿ ವಿವರಿಸಬೇಕು. ನಮ್ಮ ಯಕೃತ್ತು, ಸ್ನಾಯುಗಳಲ್ಲಿ ಪಿಷ್ಟವು ಗ್ಲೈಕೊಜೆನ್ ಆಗಿ ಸುಮಾರು ಅರ್ಧ ಕಿಲೋದಷ್ಟು ಸಂಗ್ರಹವಿರುತ್ತದೆ. ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು. ಅನ್ನ-ರೊಟ್ಟಿ ಬಿಟ್ಟ ಮೊದಲ ವಾರ ಈ ಸಂಗ್ರಹ ಕರಗಿ ಒಂದೆರಡು ಕಿಲೋ ಇಳಿಯುತ್ತದೆ. ಅದು ಹೆಚ್ಚಾಗಿ ನೀರು, ಕೊಬ್ಬಲ್ಲ. ಆರೋಗ್ಯವಂತರು ಖುಷಿಪಟ್ಟು ಮರೆಯುತ್ತಾರೆ. ಆದರೆ ಬುಲಿಮಿಯಾ ಇರುವವರು ಯಾವುದೋ ಮದುವೆಯಲ್ಲಿ ಅನ್ನ ತಿಂದ ಮರುದಿನ ಅಷ್ಟೂ ತೂಕ ಮರಳಿ ಬಂದದ್ದನ್ನು ಕಂಡಾಗ ಏನಾಗುತ್ತದೆಂದು ಊಹಿಸಿ. ಹಿಂದಿನ ಚಕ್ರವೆಲ್ಲ ಮತ್ತೆ ಶುರುವಾಗಲು ಆ ಒಂದು ಬೆಳಗು ಸಾಕು.

ದೇಹಕ್ಕೆ ಇರುವ ಅಪಾಯವೂ ಸಣ್ಣದಲ್ಲ. ಪಿಷ್ಟ ಕಡಿಮೆಯಾದಾಗ ಇನ್ಸುಲಿನ್ ಇಳಿದು ಮೂತ್ರಪಿಂಡಗಳು ಉಪ್ಪನ್ನು ಹೆಚ್ಚು ಹೊರಹಾಕುತ್ತವೆ. ವಾಂತಿ ಮಾಡುವವರಲ್ಲಿ, ಭೇದಿ ಮಾತ್ರೆ ನುಂಗುವವರಲ್ಲಿ ಪೊಟಾಶಿಯಂ ಮೊದಲೇ ಕಡಿಮೆಯಿರುತ್ತದೆ. ಎರಡೂ ಸೇರಿದರೆ ಹೃದಯದ ಬಡಿತ ತಪ್ಪಬಹುದು. ತೂಕ ತೀರಾ ಕಡಿಮೆಯಿರುವವರು, ಗರ್ಭಿಣಿಯರು ತಾವಾಗಿಯೇ ರೊಟ್ಟಿ ಬಿಡಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ತಾವಾಗಿಯೇ ರೊಟ್ಟಿ ಬಿಟ್ಟರೆ ಸಕ್ಕರೆ ದಿಢೀರ್ ಕುಸಿಯಬಹುದು. 'ಗ್ಲಿಫ್ಲೋಜಿನ್' ಎಂದು ಕೊನೆಗೊಳ್ಳುವ ಮಾತ್ರೆಗಳ ಜೊತೆ ಕೀಟೋ ಮಾಡಿದರೆ ರಕ್ತ ಆಮ್ಲೀಯವಾಗುವ ಭಯವಿದೆ. ಬಹಳ ದಿನ ಹಸಿದಿದ್ದ ದೇಹಕ್ಕೆ ಒಮ್ಮೆಲೇ ಊಟ ಕೊಡುವುದೂ ಅಪಾಯವೇ. ಅದನ್ನು ಆಸ್ಪತ್ರೆಯಲ್ಲೇ ಮಾಡಬೇಕಾಗಬಹುದು.

ವಿರುದ್ಧದ ಸಾಕ್ಷ್ಯವನ್ನೂ ಮುಚ್ಚಿಡಬಾರದು. ಬಿಂಜ್ ಈಟಿಂಗ್ ಇದ್ದ ಮೂವರಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಕೀಟೋ ಪಥ್ಯ ಕೊಟ್ಟು ಒಳ್ಳೆಯದಾಯಿತೆಂಬ ವರದಿ 2020ರಲ್ಲಿ ಅಮೆರಿಕದಿಂದ ಪ್ರಕಟವಾಗಿದೆ. ಆದರೆ ಅದು ಮೂವರ ಕಥೆ. ಹೋಲಿಕೆಗೆ ಬೇರೆ ಗುಂಪೂ ಇರಲಿಲ್ಲ. ಅದನ್ನು ಓದಿ ಜಿಮ್ಮಿನ ಸಲಹೆಗಾರರು ಎಲ್ಲರಿಗೂ ಹಂಚುವಂತಿಲ್ಲ.

ಹಾಗಾದರೆ ಸಕ್ಕರೆ ಗಡಿಯಲ್ಲಿರುವ ಈ ಯುವತಿ ಏನು ಮಾಡಬೇಕು? ಮಧುಮೇಹವೂ ಸುಳ್ಳು ಭಯವಲ್ಲ. ಇಲ್ಲಿ ನಮಗೆ ಅತ್ಯಂತ ಉಪಯುಕ್ತವೆನಿಸಿದ ಮಾತು: ತೆಗೆಯುವುದರಿಂದ ಆರಂಭಿಸಬೇಡಿ, ಸೇರಿಸುವುದರಿಂದ ಆರಂಭಿಸಿ. ರೊಟ್ಟಿ ತಟ್ಟೆಯಲ್ಲೇ ಇರಲಿ. ಜೊತೆಗೆ ಮಡಿಕೆ ಕಾಳಿನ ಪಲ್ಯ, ಝುಣಕ, ಪುಂಡಿ ಪಲ್ಯ, ಮೊಸರು, ಮೊಟ್ಟೆ ಹೆಚ್ಚಲಿ. ನಮ್ಮ ಕಡೆಯವರಿಗೆ ಬಂಗುಡೆ, ಬೂತಾಯಿ ಇವೆಯಲ್ಲ. ಹೊಟ್ಟೆ ಇವುಗಳಿಂದ ತುಂಬಿದಾಗ ಅನ್ನ ತಾನಾಗಿಯೇ ಕಡಿಮೆಯಾಗುತ್ತದೆ, ಯಾರೂ ನಿಷೇಧಿಸಬೇಕಾಗಿಲ್ಲ. ಸಿಹಿ ಚಹಾ, ಬಾಟಲಿ ಪಾನೀಯಗಳ ಸಕ್ಕರೆ ಇಳಿಸುವುದು, ಊಟದ ನಂತರ ನಡೆಯುವುದು, ಇವೂ ರಕ್ತದ ಸಕ್ಕರೆಗೆ ಸಹಾಯಕ. ಯಾವ ಹೊತ್ತೂ ತಪ್ಪಬಾರದು. ಗ್ರಾಮಿನ ಪಟ್ಟಿಯನ್ನು ನಾವಿಲ್ಲಿ ಬೇಕೆಂದೇ ಕೊಡುತ್ತಿಲ್ಲ, ಅದನ್ನು ಕತ್ತರಿಸಿ ಗೋಡೆಗೆ ಅಂಟಿಸುವವರು ಯಾರೆಂದು ನಮಗೆ ಗೊತ್ತು. ಪಥ್ಯ ಬದಲಿಸುವುದೇ ಆದರೆ ಮನೋವೈದ್ಯರು, ಮಧುಮೇಹ ನೋಡುವ ವೈದ್ಯರು ಮತ್ತು ಆಹಾರತಜ್ಞರು ಪರಸ್ಪರ ಮಾತನಾಡಿರಬೇಕು. ಮಧುಮೇಹದ ವೈದ್ಯರಿಗೆ ಊಟದ ಕಾಯಿಲೆಯ ವಿಷಯ ಹೇಳದೆ ಮುಚ್ಚಿಡುವವರು ಬಹಳ ಮಂದಿ. ಆಕೆಯೂ ಹೇಳಿರಲಿಲ್ಲ.

ಹುಬ್ಬಳ್ಳಿ-ಧಾರವಾಡದವರಿಗೆ ಚಿಕಿತ್ಸೆ ದೂರವಿಲ್ಲ. ಧಾರವಾಡದಲ್ಲಿ ಸರ್ಕಾರದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಆಸ್ಪತ್ರೆ ಇದೆ. ತೊಡಕಿರುವುದು ನಾಲಿಗೆಯಲ್ಲಿ. ಆ ಕಡೆ ಯಾರಾದರೂ ವಿಚಿತ್ರವಾಗಿ ಆಡಿದರೆ 'ಧಾರವಾಡಕ್ಕ ಕಳಸಬೇಕು' ಎಂದು ನಗುವ ರೂಢಿ ಹಳೆಯದು. ಈ ನಗೆಯ ಕಾರಣದಿಂದಲೇ ಈ ಮನೆಯವರು ಅರ್ಧ ಗಂಟೆಯ ದಾರಿ ಕ್ರಮಿಸಲು ಒಂದು ವರ್ಷ ತೆಗೆದುಕೊಂಡರು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ತಲೆತಿರುಗಿ ಬೀಳುವುದು, ಎದೆ ಬಡಿತ ತಪ್ಪುವುದು, ರಕ್ತ ವಾಂತಿ, ಬದುಕು ಬೇಡವೆಂಬ ಮಾತು, ಇವು ಕಂಡರೆ ಫೋನಿಗೂ ಕಾಯದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಧರ್ಮಕೇಂದ್ರಗಳಲ್ಲಿ ದುಡಿಯುವವರಿಗೆ ಒಂದು ವಿಷಯ. ಧರ್ಮಸಭೆಯ ಕಾನೂನಿನಂತೆ ಉಪವಾಸದ ನಿಯಮ 18 ತುಂಬಿದವರಿಂದ 59 ತುಂಬುವವರೆಗೆ ಮಾತ್ರ, ಅದೂ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ. ರೋಗಿಗಳಿಗೆ ಅದು ಅನ್ವಯಿಸುವುದಿಲ್ಲ. ಅನುಮಾನವಿದ್ದರೆ ಧರ್ಮಕೇಂದ್ರದ ಗುರುಗಳು ವಿನಾಯಿತಿ ಕೊಡಬಹುದು, ಬೇರೆ ಭಕ್ತಿಕಾರ್ಯಕ್ಕೆ ಬದಲಿಸಬಹುದು. ಊಟದ ಕಾಯಿಲೆ ಇರುವವರಿಗೆ ಉಪವಾಸವೇ ಸುಲಭ, ಊಟವೇ ಕಷ್ಟ. ಯುವಜನರ ಸಭೆಯಲ್ಲಿ ಯಾರು ಎಷ್ಟು ದಿನ ಉಪವಾಸವಿದ್ದರು ಎಂದು ಕೇಳುವುದನ್ನು, ಯಾರೋ 'ಸಣ್ಣಗಾಗಿದ್ದಾಳೆ' ಎಂದು ಮೆಚ್ಚುವುದನ್ನು ನಾವು ನಿಲ್ಲಿಸಿದ್ದೇವೆ. ನೀವೂ ನಿಲ್ಲಿಸಿ.

ಆಕೆ ಪಥ್ಯವನ್ನು ಸದ್ಯ ಆರಂಭಿಸಿಲ್ಲ. ಮನೋವೈದ್ಯರು ಈಗ ಬೇಡ ಎಂದಿದ್ದಾರೆ, ಎಂದೂ ಬೇಡ ಎಂದಿಲ್ಲ. ಈ ಬಾರಿ ತಪಸ್ಸುಕಾಲಕ್ಕೆ ನಾವು ಆಕೆಗೆ ಸೂಚಿಸಿದ್ದು ಎರಡು: ಮೊಬೈಲಿನಲ್ಲಿದ್ದ ಕ್ಯಾಲೊರಿ ಲೆಕ್ಕದ ಆ್ಯಪ್ ತೆಗೆದುಹಾಕುವುದು, ರಾತ್ರಿ ಮನೆಯವರೊಂದಿಗೆ ಕುಳಿತು ಅದೇ ಊಟ ಮಾಡುವುದು. ಮೊದಲನೆಯದನ್ನು ಆಕೆ ಮಾಡಿದ್ದಾಳೆ. ಎರಡನೆಯದು ವಾರದಲ್ಲಿ ನಾಲ್ಕೈದು ದಿನ ಆಗುತ್ತಿದೆಯಂತೆ. ರಕ್ತದ ಸಕ್ಕರೆಯನ್ನು ಮೂರು ತಿಂಗಳ ನಂತರ ಮತ್ತೆ ನೋಡಬೇಕು.