ವರ್ಡ್ ಅರ್ಜಿ ನಮೂನೆಯಲ್ಲಿ ಅಂಕಣದಿಂದ ಅಂಕಣಕ್ಕೆ ಚಲಿಸಲು ಆಗದಿದ್ದಲ್ಲಿ ಅನುಸರಿಸಬೇಕಾದ ಕ್ರಮ

ಮೈಕ್ರೋಸಾಫ್ಟ್ ವರ್ಡ್‌ನಲ್ಲಿರುವ ಅರ್ಜಿ ನಮೂನೆಗಳನ್ನು ಗಣಕಯಂತ್ರದಲ್ಲಿಯೇ ಭರ್ತಿ ಮಾಡುವಾಗ, ಟ್ಯಾಬ್ ಕೀಲಿಯನ್ನು ಒತ್ತಿದರೂ ಮುಂದಿನ ಅಂಕಣಕ್ಕೆ ಹೋಗದೆ ಅಕ್ಷರಗಳು ಪಕ್ಕಕ್ಕೆ ಸರಿಯುವುದು ಹಾಗೂ ಬರೆದ ವಿವರಗಳು ಬಣ್ಣದ ಅಡಿಗೆರೆಯೊಂದಿಗೆ ಕಾಣುವುದು ಉಂಟು. ಇದಕ್ಕೆ ಕಾರಣ ಮತ್ತು ಪರಿಹಾರವನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ನೀಡಲಾಗಿದೆ.

ಕಾರಣ:

ಟ್ಯಾಬ್ ಕೀಲಿಯಿಂದ ಅಂಕಣಗಳ ನಡುವೆ ಚಲಿಸಬೇಕಾದಲ್ಲಿ ಕಡತಕ್ಕೆ 'ಫಿಲ್ಲಿಂಗ್ ಇನ್ ಫಾರ್ಮ್ಸ್' ಎಂಬ ರಕ್ಷಣೆ ಜಾರಿಯಲ್ಲಿರಬೇಕು. ತಿದ್ದುಪಡಿಗಳನ್ನು ಗುರುತಿಸುವ 'ಟ್ರ್ಯಾಕ್ಡ್ ಚೇಂಜಸ್' ಎಂಬುದು ಬೇರೊಂದು ಬಗೆಯ ರಕ್ಷಣೆ. ಇವೆರಡೂ ಏಕಕಾಲದಲ್ಲಿ ಜಾರಿಯಲ್ಲಿರಲು ಸಾಧ್ಯವಿಲ್ಲ.

ಪರಿಹಾರ ಕ್ರಮ:

1. ಮೊದಲು ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳುವುದು.

2. ಟ್ಯಾಬ್ ಬದಲಿಗೆ ಎಫ್11 ಕೀಲಿಯನ್ನು ಒತ್ತುವುದು. ಇದರಿಂದ ಮುಂದಿನ ಅಂಕಣಕ್ಕೂ, ಶಿಫ್ಟ್ ಜೊತೆಗೆ ಎಫ್11 ಒತ್ತಿದಲ್ಲಿ ಹಿಂದಿನ ಅಂಕಣಕ್ಕೂ ಹೋಗಬಹುದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿಯನ್ನೂ ಒತ್ತಬೇಕಾಗುತ್ತದೆ.

3. ಆಯ್ಕೆ ಚೌಕಗಳೂ ಕೆಲಸ ಮಾಡದಿದ್ದಲ್ಲಿ, ವಿವರಗಳನ್ನು ತುಂಬುವ ಮುನ್ನವೇ 'ರಿವ್ಯೂ' ವಿಭಾಗದ 'ರೆಸ್ಟ್ರಿಕ್ಟ್ ಎಡಿಟಿಂಗ್' ತೆರೆದು, ಇರುವ ರಕ್ಷಣೆಯನ್ನು ನಿಲ್ಲಿಸಿ, 'ಟ್ರ್ಯಾಕ್ ಚೇಂಜಸ್' ಅನ್ನು ಸ್ಥಗಿತಗೊಳಿಸಿ, 'ಫಿಲ್ಲಿಂಗ್ ಇನ್ ಫಾರ್ಮ್ಸ್' ಆಯ್ಕೆಯನ್ನು ಜಾರಿಗೊಳಿಸುವುದು.

4. ರಕ್ಷಣೆಯನ್ನು ನಿಲ್ಲಿಸಲು ಗುಪ್ತಪದ ಕೇಳಿದಲ್ಲಿ, ಮೂಲ ನಮೂನೆಯ ಹೊಸ ಪ್ರತಿಯನ್ನು ಪಡೆದು ಭರ್ತಿ ಮಾಡುವುದು.

ಸಲ್ಲಿಸುವ ಮುನ್ನ ವಿಶೇಷ ಗಮನಕ್ಕೆ:

'ಟ್ರ್ಯಾಕ್ ಚೇಂಜಸ್' ನಿಲ್ಲಿಸಿದ ಮಾತ್ರಕ್ಕೆ ಹಿಂದಿನ ತಿದ್ದುಪಡಿಗಳು ಕಡತದಿಂದ ಅಳಿಯುವುದಿಲ್ಲ. 'ನೋ ಮಾರ್ಕಪ್' ಆಯ್ಕೆಯು ಅವುಗಳನ್ನು ಮರೆಮಾಡುತ್ತದೆಯೇ ಹೊರತು ತೆಗೆದುಹಾಕುವುದಿಲ್ಲ. ಉದಾಹರಣೆಗೆ, ವಾರ್ಷಿಕ ಆದಾಯವನ್ನು ರೂ. 84,000 ಎಂದು ತಪ್ಪಾಗಿ ಬರೆದು, ಬಳಿಕ ರೂ. 48,000 ಎಂದು ತಿದ್ದಿದ್ದಲ್ಲಿ, ಕಡತವನ್ನು ತೆರೆದವರಿಗೆ ಎರಡೂ ಮೊತ್ತಗಳು ಕಾಣಬಹುದು. ಅಳಿಸಿದ ಹಳೆಯ ವಿಳಾಸ, ದೂರವಾಣಿ ಸಂಖ್ಯೆಗಳಿಗೂ ಇದೇ ಅನ್ವಯಿಸುತ್ತದೆ.

ಆದುದರಿಂದ ರಕ್ಷಣೆಯನ್ನು ನಿಲ್ಲಿಸಿ, 'ಆಲ್ ಮಾರ್ಕಪ್' ನೋಟದಲ್ಲಿ ಪ್ರತಿಯೊಂದು ತಿದ್ದುಪಡಿಯನ್ನೂ ಓದಿ, ಸರಿಯಿದ್ದುದನ್ನು 'ಆಕ್ಸೆಪ್ಟ್' ಮೂಲಕ ಅಂಗೀಕರಿಸತಕ್ಕದ್ದು. 'ರಿಜೆಕ್ಟ್' ಒತ್ತಿದಲ್ಲಿ ಹಳೆಯ ವಿವರವೇ ಮರಳಿ ಬರುತ್ತದೆ ಎಂಬುದನ್ನು ಗಮನಿಸುವುದು. ಅಂಚಿನಲ್ಲಿರುವ ಟಿಪ್ಪಣಿಗಳನ್ನು ಪ್ರತ್ಯೇಕವಾಗಿ ಅಳಿಸಬೇಕು. ಬೇರೆಯವರಿಂದ ಬೆರಳಚ್ಚು ಮಾಡಿಸಿದ ಅರ್ಜಿದಾರರು ಈ ಪರಿಶೀಲನೆಯನ್ನು ತಮ್ಮ ಸಮ್ಮುಖದಲ್ಲಿಯೇ ಮಾಡಿಸಿಕೊಳ್ಳುವುದು ಸೂಕ್ತ.

ಅಂತಿಮವಾಗಿ ಕಡತವನ್ನು ಉಳಿಸಿ, ಮುಚ್ಚಿ, ಮತ್ತೊಮ್ಮೆ ತೆರೆದು ಪರಿಶೀಲಿಸಿದ ನಂತರವೇ ಅರ್ಜಿಯನ್ನು ಸಲ್ಲಿಸಬೇಕೆಂದು ಕೋರಲಾಗಿದೆ.