ಹೊಳೆಗೆ ಒಡ್ಡು ಕಟ್ಟಿದ ಸಂಘ

ಜಮಖಂಡಿಯಿಂದ ವಿಜಯಪುರದ ಕಡೆ ಹೊರಟ ಬಸ್ಸು ಚಿಕ್ಕಪಡಸಲಗಿಯ ಹತ್ತಿರ ಕೃಷ್ಣಾ ಹೊಳೆಯನ್ನು ದಾಟುತ್ತದೆ. ಅಲ್ಲೇ ಹೊಳೆಗೆ ಅಡ್ಡವಾಗಿ ಒಂದು ಒಡ್ಡು ಇದೆ. ಆಲಮಟ್ಟಿಯ ಜಲಾಶಯ, ಉದ್ಯಾನ ನೋಡಿ ಬಂದವರಿಗೆ ಇದು ಲೆಕ್ಕಕ್ಕೇ ಸಿಗದಷ್ಟು ಸಾಧಾರಣವಾಗಿ ಕಾಣುತ್ತದೆ. ಶಾಲಾ ಪ್ರವಾಸದ ಬಸ್ಸುಗಳು ಇಲ್ಲಿ ನಿಲ್ಲುವುದು ಅಪರೂಪ. ನಿಲ್ಲಬೇಕಿತ್ತು ಎಂಬುದು ಈ ಲೇಖಕನ ಅಭಿಪ್ರಾಯ.

ಏಕೆಂದರೆ ಇದನ್ನು ಕಟ್ಟಿದ್ದು ಲೋಕೋಪಯೋಗಿ ಇಲಾಖೆಯಲ್ಲ, ನೀರಾವರಿ ನಿಗಮವೂ ಅಲ್ಲ. ಹೊಳೆಯ ದಂಡೆಯ ಹಳ್ಳಿಗಳ ರೈತರು 'ಕೃಷ್ಣಾ ತೀರ ರೈತ ಸಂಘ' ಎಂಬ ಹೆಸರಿನಲ್ಲಿ ಒಟ್ಟಾಗಿ, ತಮ್ಮ ತಮ್ಮಲ್ಲೇ ಹಣ ಕೂಡಿಸಿ, ತಾವೇ ಮೈ ಬಗ್ಗಿಸಿ ದುಡಿದು 1989ರಲ್ಲಿ ಈ ಬ್ಯಾರೇಜು ಕಟ್ಟಿ ಮುಗಿಸಿದರು. ಖರ್ಚು ಸುಮಾರು ಒಂದು ಕೋಟಿ ರೂಪಾಯಿ. ರೈತರೇ ಕಟ್ಟಿದ ದೇಶದ ಮೊದಲ ಖಾಸಗಿ ಬ್ಯಾರೇಜು ಎಂದು ಇದು ಹೆಸರಾಯಿತು. ನಿಂತ ನೀರಿಗೆ ಅವರು ಇಟ್ಟ ಹೆಸರು 'ಶ್ರಮಬಿಂದು ಸಾಗರ'. ಬೆವರ ಹನಿಗಳ ಸಾಗರ ಎಂದು ಅರ್ಥ. ಹೆಸರಿನಲ್ಲಿ ಸ್ವಲ್ಪ ಆಡಂಬರ ಇದೆ ಅನ್ನಿಸಬಹುದು. ಕಟ್ಟಿದ ಬಗೆ ಗೊತ್ತಾದ ಮೇಲೆ ಹಾಗೆ ಅನ್ನಿಸುವುದಿಲ್ಲ.

ಆಗಿನ್ನೂ ಬಾಗಲಕೋಟೆ ಜಿಲ್ಲೆ ಇರಲಿಲ್ಲ. ಜಮಖಂಡಿ, ಮುಧೋಳ, ಬೀಳಗಿಗಳೆಲ್ಲ ಅವಿಭಜಿತ ವಿಜಾಪುರ ಜಿಲ್ಲೆಯ ತಾಲ್ಲೂಕುಗಳು. ಹೊಸ ಜಿಲ್ಲೆ ಆದದ್ದು 1997ರಲ್ಲಿ. ಈ ಸೀಮೆಯ ನಕಾಶೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಮಾತು ಸುಲಭ. ಮಹಾಬಳೇಶ್ವರದಲ್ಲಿ ಹುಟ್ಟಿ ಬರುವ ಕೃಷ್ಣೆ ರಬಕವಿ-ಬನಹಟ್ಟಿಯ ಮಗ್ಗದೂರುಗಳ ಮಗ್ಗುಲಿಗೆ ಬಂದು ಜಮಖಂಡಿ ತಾಲ್ಲೂಕಿನ ಅಂಚಿನಲ್ಲಿ ಹರಿಯುತ್ತಾಳೆ. ಇತ್ತ ಘಟಪ್ರಭೆ ಮುಧೋಳವನ್ನು ಬಳಸಿಕೊಂಡು ಬರುತ್ತಾಳೆ. ಎರಡೂ ಹೊಳೆ ಕೂಡುವುದು ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ. ನಕಾಶೆ ನೋಡಿದವರು ಇಲ್ಲಿ ನೀರಿಗೇನು ಬರ ಎಂದು ಕೇಳಿಯಾರು.

ಬರ ಇತ್ತು. ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಹೊಳೆ ಬೇಸಿಗೆಗೆ ಮರಳಿನ ಹಾಸಾಗುತ್ತಿತ್ತು. ಮೇಲೆ ಮಹಾರಾಷ್ಟ್ರದಲ್ಲಿ ಕೊಯ್ನಾದಂಥ ಅಣೆಕಟ್ಟುಗಳು ಎದ್ದಿದ್ದವು. ಉದ್ದಕ್ಕೂ ಎರಡೂ ದಂಡೆಗಳಲ್ಲಿ ಪಂಪ್‌ಸೆಟ್ಟುಗಳು ಕೂತಿದ್ದವು. ಸಾಲ ಮಾಡಿ ಪೈಪು ಹಾಕಿ ಹೊಳೆಯ ನೀರನ್ನು ಹೊಲಕ್ಕೆ ಒಯ್ದ ರೈತನಿಗೆ ಮಾರ್ಚ್, ಏಪ್ರಿಲ್ ಬಂತೆಂದರೆ ಎದೆ ಡವಗುಟ್ಟುತ್ತಿತ್ತು. ಕಬ್ಬು ವರ್ಷದ ಬೆಳೆ. ಹತ್ತು ತಿಂಗಳು ನೀರುಣಿಸಿ ಕೊನೆಯ ಎರಡು ತಿಂಗಳು ನೀರು ತಪ್ಪಿದರೆ ಗಳಿಸಿದ್ದೆಲ್ಲ ಒಣಗಿ ಹೋಗುತ್ತದೆ. ಬ್ಯಾಂಕಿನ ಸಾಲ ಮಾತ್ರ ಹಸಿರಾಗಿಯೇ ಇರುತ್ತದೆ. ಕುಡಿಯುವ ನೀರಿಗೂ ಹೊಳೆಯ ಮರಳಿನಲ್ಲಿ ವರತಿ ತೋಡಬೇಕಾದ ದಿನಗಳವು.

ಸರ್ಕಾರಕ್ಕೆ ಇದು ತಿಳಿಯದ ಸಂಗತಿಯೇನಲ್ಲ. ಇದೇ ಹೊಳೆಗೆ ಮೇಲ್ಭಾಗದಲ್ಲಿ, ರಬಕವಿ-ಬನಹಟ್ಟಿಯ ಸಮೀಪ ಹಿಪ್ಪರಗಿಯಲ್ಲಿ ಸರ್ಕಾರ ಬ್ಯಾರೇಜು ಕಟ್ಟಲು ಹೊರಟಿತ್ತು. ಅದು ಮುಗಿಯಲು ದಶಕಗಳೇ ಬೇಕಾದವು. ಕಾಯುವುದೋ, ಕಟ್ಟುವುದೋ ಎಂಬ ಪ್ರಶ್ನೆಗೆ ಪಡಸಲಗಿ ಕಡೆಯ ರೈತರು ಎರಡನೆಯ ಉತ್ತರ ಕೊಟ್ಟರು.

ಒಂದು ಕೋಟಿ ಎಂದರೆ ಇಂದಿನ ಮಕ್ಕಳಿಗೆ ದೊಡ್ಡ ಮೊತ್ತ ಅನ್ನಿಸಲಿಕ್ಕಿಲ್ಲ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಮನೆಗೆ ಸಾವಿರ ರೂಪಾಯಿಯಂತೆ ಪಟ್ಟಿ ಎತ್ತಿದರೆ ಒಂದು ಕೋಟಿ ಆಗಲು ಹತ್ತು ಸಾವಿರ ಮನೆಗಳ ಬಾಗಿಲು ತಟ್ಟಬೇಕು. 1989ರಲ್ಲಿ ಹಳ್ಳಿಯ ಒಕ್ಕಲಿಗೆ ಸಾವಿರ ರೂಪಾಯಿ ಎಂದರೆ ಸಣ್ಣ ಮಾತಲ್ಲ. ಇನ್ನೂ ಕಟ್ಟದ ಒಡ್ಡಿಗೆ, ಇನ್ನೂ ನಿಲ್ಲದ ನೀರಿಗೆ, ಹಣ ಮುಳುಗಿದರೆ ಯಾರನ್ನು ಕೇಳಬೇಕೆಂದು ಗೊತ್ತಿಲ್ಲದ ಕೆಲಸಕ್ಕೆ ರೊಕ್ಕ ಬಿಚ್ಚುವುದು ಸುಲಭವೇ? ಜಾತ್ರೆಗೆ, ಗುಡಿಗೆ ಪಟ್ಟಿ ಕೊಡುವುದು ನಮ್ಮ ಕಡೆ ರೂಢಿ. ದೇವರ ಕೆಲಸದಲ್ಲಿ ಲಾಭ-ನಷ್ಟದ ಮಾತಿಲ್ಲ. ಒಡ್ಡಿನ ವಿಷಯ ಹಾಗಲ್ಲ. ನನ್ನ ಹೊಲ ಮೇಲಿದೆ, ನೀರು ಬರುತ್ತದೆಯೇ? ಅವನಿಗೆ ಇಪ್ಪತ್ತು ಎಕರೆ, ನನಗೆ ಎರಡು. ಇಬ್ಬರ ಪಾಲೂ ಒಂದೇ ಏನು? ನಾನು ಕೊಡದೆ ಸುಮ್ಮನಿದ್ದರೂ ಹೊಳೆಯಲ್ಲಿ ನೀರಂತೂ ನಿಲ್ಲುತ್ತದೆ, ಯಾಕೆ ಕೊಡಲಿ? ಊರೊಟ್ಟಿನ ಯಾವ ಕೆಲಸದಲ್ಲೂ ಏಳುವ ಪ್ರಶ್ನೆಗಳಿವು. ಸಿಮೆಂಟು, ಕಲ್ಲು ಹೊಂದಿಸುವುದಕ್ಕಿಂತ ಇವಕ್ಕೆ ಉತ್ತರ ಹೇಳುತ್ತ ಮನೆ ಮನೆ ತಿರುಗುವುದೇ ಸಂಘ ಕಟ್ಟುವವರ ಕಷ್ಟದ ಕೆಲಸ.

ಹೊಳೆಯ ಪಾತ್ರದಲ್ಲಿ ಕೆಲಸ ಮಾಡುವುದಕ್ಕೆ ಇನ್ನೊಂದು ತೊಡಕು ಉಂಟು: ಹೊಳೆ ಕಾಯುವುದಿಲ್ಲ. ಪ್ರವಾಹ ಇಳಿದ ಮೇಲೆ ಶುರು ಮಾಡಬೇಕು, ಮುಂದಿನ ಮಳೆಗಾಲಕ್ಕೆ ಮೊದಲು ಮೇಲೆ ಬಂದುಬಿಡಬೇಕು. ಅರ್ಧಕ್ಕೆ ನಿಂತರೆ ಕೃಷ್ಣೆ ಅದನ್ನು ಬಳಿದುಕೊಂಡು ಹೋಗುತ್ತಾಳೆ. ಇಲಾಖೆಯ ಕಾಮಗಾರಿಗೆ ಅವಧಿ ವಿಸ್ತರಣೆ ಸಿಗುತ್ತದೆ. ಒಕ್ಕಲಿಗನ ಕಾಮಗಾರಿಗೆ ಸಿಗುವುದಿಲ್ಲ.

ಈ ಕೆಲಸದ ಮುಂದಾಳು ಸಿದ್ದು ನ್ಯಾಮಗೌಡ. ಜನ ಅವರನ್ನು 'ಬ್ಯಾರೇಜ್ ಸಿದ್ದು' ಎಂದೇ ಕರೆದರು. ಬ್ಯಾರೇಜು ಕಟ್ಟಿದ ಎರಡೇ ವರ್ಷಕ್ಕೆ, 1991ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ನಿಂತು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಪಿ.ವಿ. ನರಸಿಂಹರಾವ್ ಸಂಪುಟದಲ್ಲಿ ಕಲ್ಲಿದ್ದಲು ಖಾತೆಯ ರಾಜ್ಯ ಸಚಿವರೂ ಆದರು. ಮುಂದೆ ಜಮಖಂಡಿಯ ಶಾಸಕರಾಗಿದ್ದಾಗ, 2018ರ ಮೇ 28ರಂದು ತುಳಸಿಗೇರಿ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮುಂದಾಳು ಇಲ್ಲದೆ ಈ ಒಡ್ಡು ಏಳುತ್ತಿರಲಿಲ್ಲ, ನಿಜ. ಆದರೆ ಪತ್ರಿಕೆಯವರಾದ ನಾವು ಇದನ್ನು ಒಬ್ಬರ ಕಥೆಯಾಗಿಯೇ ಬರೆಯುತ್ತ ಬಂದಿದ್ದೇವೆ. ಪಟ್ಟಿ ಎತ್ತಿದವರು, ಕಲ್ಲು ಹೊತ್ತವರು, ಟ್ರ್ಯಾಕ್ಟರು ಕೊಟ್ಟವರು, ಲೆಕ್ಕ ಬರೆದಿಟ್ಟವರು ಫೋಟೋದ ಹಿಂದಿನ ಸಾಲಿನಲ್ಲಿ ಹೆಸರಿಲ್ಲದೆ ನಿಂತಿದ್ದಾರೆ. ಅವರಲ್ಲಿ ಅನೇಕರು ಈಗ ಅಜ್ಜಂದಿರು. ಈ ಸೀಮೆಯ ವಿದ್ಯಾರ್ಥಿಗಳಿಗೆ ಶಾಲೆಯಲ್ಲಿ ಯೋಜನಾ ವರದಿ ಬರೆಯಲು ವಿಷಯ ಬೇಕಿದ್ದರೆ ದೂರ ಹೋಗಬೇಕಿಲ್ಲ. ಮನೆಯ ಕಟ್ಟೆಯ ಮೇಲೆ ಕೂತ ಅಜ್ಜನ ಹತ್ತಿರ ನೋಟುಬುಕ್ಕು ಹಿಡಿದು ಕೂತರೆ ಸಾಕು.

ಕಟ್ಟಿದ ಮೇಲಿನ ಕೆಲಸ

ಬ್ಯಾರೇಜು ಕಟ್ಟಿದ್ದು ಸುದ್ದಿಯಾಯಿತು. ಅದನ್ನು ನಡೆಸಿಕೊಂಡು ಬಂದದ್ದು ಅಷ್ಟು ಸುದ್ದಿಯಾಗಲಿಲ್ಲ. ನಮಗೆ ಹೆಚ್ಚು ಮುಖ್ಯವೆನಿಸುವುದು ಇದೇ.

ಈ ಬಗೆಯ ಒಡ್ಡು ಆಲಮಟ್ಟಿಯಂಥ ಅಣೆಕಟ್ಟಲ್ಲ. ನಮ್ಮ ಕಡೆ ಬಾಂದಾರ ಅನ್ನುತ್ತೇವಲ್ಲ, ಆ ಜಾತಿಯದು. ಹೊಳೆಗೆ ಅಡ್ಡಲಾಗಿ ಕಂಬಗಳು, ಕಂಬಗಳ ನಡುವೆ ತೆರವು. ಮಳೆಗಾಲದಲ್ಲಿ ತೆರವುಗಳೆಲ್ಲ ಖುಲ್ಲಾ. ಪ್ರವಾಹ ಹಾದು ಹೋಗಬೇಕು. ನೆರೆ ಇಳಿಯುತ್ತಿದ್ದಂತೆ ತೆರವುಗಳನ್ನು ಮುಚ್ಚಿ ಹಿಂದೆ ನೀರು ನಿಲ್ಲಿಸಬೇಕು. ಬೇಗ ಮುಚ್ಚಿದರೆ ತಡವಾಗಿ ಬಂದ ಪ್ರವಾಹ ಅಪಾಯ. ತಡ ಮಾಡಿದರೆ ನಿಲ್ಲಬೇಕಾದ ನೀರು ಕೆಳಗೆ ಹೋಗಿರುತ್ತದೆ. ಮತ್ತೆ ಮುಂಗಾರಿಗೆ ಮೊದಲು ಎಲ್ಲ ತೆಗೆಯಬೇಕು. ಸವೆದದ್ದನ್ನು ಬದಲಿಸಬೇಕು, ಸೋರುವುದನ್ನು ಬಿಗಿ ಮಾಡಬೇಕು. ವರ್ಷ ವರ್ಷವೂ ಇದೇ ಕೆಲಸ, ಇದಕ್ಕೆ ಉದ್ಘಾಟನೆ ಇಲ್ಲ, ಹಾರ ಇಲ್ಲ.

ಆಮೇಲೆ ಇನ್ನೊಂದು ಉಪಾಯ ಬಂತು. ಕೆಳಗೆ ಆಲಮಟ್ಟಿ ಎದ್ದು, 2000ದಲ್ಲಿ ಸುಪ್ರೀಂ ಕೋರ್ಟು 519.60 ಮೀಟರ್ ಮಟ್ಟಕ್ಕೆ ಒಪ್ಪಿದ ಮೇಲೆ ಜಲಾಶಯದ ಹಿನ್ನೀರು ಹೊಳೆಯಗುಂಟ ಹಿಂದಕ್ಕೆ ಏರುತ್ತ ಚಿಕ್ಕಪಡಸಲಗಿಯ ಒಡ್ಡಿನ ಬುಡದವರೆಗೂ ಬರತೊಡಗಿತು. ಒಡ್ಡಿನ ಕೆಳಗೆ ನೀರು, ಮೇಲೆ ಬೇಸಿಗೆಗೆ ಬರಿದಾಗುವ ಸಾಗರ. ಕೆಳಗಿನದನ್ನು ಮೇಲಕ್ಕೆ ಎತ್ತಿ ಸುರಿದರೆ? ರೈತರು ಹಾಗೆಯೇ ಮಾಡಿದರು. ಆಲಮಟ್ಟಿ ತುಂಬಿ ನಿಂತ ಕಾಲದಲ್ಲಿ ಒಡ್ಡಿನ ಬಳಿ ಪಂಪುಗಳನ್ನು ಹಚ್ಚಿ ಹಿನ್ನೀರನ್ನು ಎತ್ತಿ ಶ್ರಮಬಿಂದು ಸಾಗರಕ್ಕೆ ತುಂಬಿಸಿಕೊಂಡರು. ಹೊಳೆಯನ್ನೇ ಹಿಂದುಮುಂದಾಗಿ ಹರಿಸಿದ ಹಾಗಾಯಿತು. ಇದರ ಖರ್ಚಿಗೂ ರೈತರದೇ ವಂತಿಗೆ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಆ ಹಿನ್ನೀರು ಸುಮ್ಮನೆ ಬಂದದ್ದಲ್ಲ. ಅದರಡಿ ಬೀಳಗಿ, ಜಮಖಂಡಿ, ಬಾಗಲಕೋಟೆ ತಾಲ್ಲೂಕುಗಳ ಅದೆಷ್ಟೋ ಹಳ್ಳಿಗಳು, ಫಲವತ್ತಾದ ಎರೆ ಹೊಲಗಳು ಮುಳುಗಿವೆ. ಒಬ್ಬರ ಮನೆಯನ್ನು ಮುಳುಗಿಸಿದ ನೀರೇ ಇನ್ನೊಬ್ಬರ ಕಬ್ಬನ್ನು ಉಳಿಸಿತು. ಪುನರ್ವಸತಿ ಕೇಂದ್ರದಲ್ಲಿ ಬೆಳೆದ ಹುಡುಗನಿಗೂ ಹೊಳೆದಂಡೆಯ ರೈತನ ಮಗನಿಗೂ ಕೃಷ್ಣೆ ಒಂದೇ ರೀತಿ ಕಾಣುವುದು ಸಾಧ್ಯವಿಲ್ಲ.

ನೀರು ಯಾರ ಪಾಲು?

ನೀರು ನಿಂತಿತು, ಕಬ್ಬು ಹೆಚ್ಚಿತು. ಮಹಾಲಿಂಗಪುರದ ಬೆಲ್ಲದ ಪೇಟೆ ಮೊದಲೇ ಹೆಸರಾದದ್ದು. ಈಗ ಜಮಖಂಡಿ, ಮುಧೋಳ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳ ಚಿಮಣಿಗಳು ಎಣಿಸುವಷ್ಟಿವೆ. ಈ ಕಬ್ಬಿನ ಬಿಲ್ಲಿನಲ್ಲಿಯೇ ಎಷ್ಟೋ ಮನೆಗಳ ಮಕ್ಕಳು ಧಾರವಾಡ, ಬೆಳಗಾವಿಗಳಲ್ಲಿ ಕಲಿತು ಇಂಜಿನಿಯರು, ಡಾಕ್ಟರು ಆದರು. ಆದರೆ ಕಪ್ಪು ಮಣ್ಣಿಗೆ ಸದಾ ನೀರು ಕಟ್ಟಿದರೆ ಅದು ಸುಮ್ಮನಿರುವುದಿಲ್ಲ. ಬಸಿದು ಹೋಗದ ನೀರು ಅಡಿಯಲ್ಲಿ ನಿಂತು ಉಪ್ಪನ್ನು ಮೇಲಕ್ಕೆ ತರುತ್ತದೆ. ಮೊದಲು ಹೊಲದ ತಗ್ಗಿನಲ್ಲಿ ಬಿಳಿ ಪೊರೆ, ಆಮೇಲೆ ಬೆಳೆ ಕುಗ್ಗುವುದು, ಕೊನೆಗೆ ಜೇಕು ಮಾತ್ರ ಬೆಳೆಯುವ ನೆಲ. ಕೃಷ್ಣಾ, ಘಟಪ್ರಭಾ ದಂಡೆಯ ಊರುಗಳಲ್ಲಿ 'ಸವಳು-ಜವಳು' ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನೆಲದಡಿ ತೂತಿನ ಪೈಪು ಹೂತು ನೀರು ಬಸಿಯುವ ಉಪಾಯ ಇದೆ. ಒಬ್ಬನೇ ಮಾಡಿದರೆ ಪ್ರಯೋಜನ ಕಡಿಮೆ. ಬಸಿದ ನೀರು ಪಕ್ಕದವನ ಹೊಲ ದಾಟಿ ಹಳ್ಳ ಸೇರಬೇಕು. ಮತ್ತೆ ಅಲ್ಲಿಗೇ ಬಂತು: ಊರೊಟ್ಟಾಗಬೇಕು. ನೀರು ತರಲು ಕೂಡಿದಷ್ಟು ಉತ್ಸಾಹದಿಂದ ನೀರು ಹೊರಹಾಕಲು ನಮ್ಮ ಜನ ಇನ್ನೂ ಕೂಡಿಲ್ಲ.

ನೀರಿಗಾಗಿ ಕೂಡಿದ ರೈತರು ಬೇರೆಡೆಯೂ ಇದ್ದಾರೆ. ನೆರೆಯ ಮಹಾರಾಷ್ಟ್ರದಲ್ಲಿ, ಪುಣೆ ಜಿಲ್ಲೆಯ ನಾಯಗಾಂವದಲ್ಲಿ, 1972ರ ಭೀಕರ ಬರ ಕಂಡ ಇಂಜಿನಿಯರ್ ವಿಲಾಸರಾವ್ ಸಾಳುಂಖೆ 'ಪಾಣಿ ಪಂಚಾಯತ್' ಕಟ್ಟಿದರು. ಅದರ ನಿಯಮ ವಿಚಿತ್ರ ಅನ್ನಿಸುವಂಥದ್ದು. ನೀರಿನ ಪಾಲು ಹೊಲದ ಅಳತೆಗಲ್ಲ, ಮನೆಯ ತಲೆಗಳಿಗೆ. ತಲೆಗೆ ಅರ್ಧ ಎಕರೆಯ ನೀರು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಯದು. ಭೂಮಿ ಇಲ್ಲದವರಿಗೂ ಪಾಲು. ಕಬ್ಬು ಹಚ್ಚುವಂತಿಲ್ಲ.

ಪಡಸಲಗಿಯ ರೈತರಿಗೆ ಈ ನಿಯಮ ಹೇಳಿದ್ದರೆ ಒಂದು ಕೋಟಿ ಕೂಡುತ್ತಿತ್ತೇ? ಅನುಮಾನ. ಕಬ್ಬಿನ ಆಸೆಯೇ ಇಲ್ಲಿ ಪಟ್ಟಿ ತುಂಬಿಸಿತು. ಹಾಗೆಂದು ಸಾಳುಂಖೆಯವರ ಪ್ರಶ್ನೆಯನ್ನು ತಳ್ಳಿಹಾಕಲೂ ಆಗದು. ಹೊಲವಿಲ್ಲದ ಕೂಲಿಯವರಿಗೆ, ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಂಬಿದ ನೇಕಾರರಿಗೆ ಹೊಳೆಯೆಂದರೆ ಕುಡಿಯುವ ನೀರಿನ ಕೊಡ. ಬೇಸಿಗೆಯಲ್ಲಿ ಕೊಯ್ನಾದಿಂದ ನೀರು ಬಿಡಿಸಿರೆಂದು ಬೆಂಗಳೂರಿನವರು ಮುಂಬಯಿಗೆ ಪತ್ರ ಬರೆಯುವ ವರ್ಷಗಳಲ್ಲಿ ಆ ಕೊಡಕ್ಕೂ ಪಂಪ್‌ಸೆಟ್ಟಿಗೂ ಪೈಪೋಟಿ ಬೀಳುತ್ತದೆ.

ಮುಂದೆ ಬೇರೊಂದು ಲೆಕ್ಕ ಕಾದಿದೆ. ಎರಡನೆಯ ಕೃಷ್ಣಾ ನ್ಯಾಯಾಧೀಕರಣ 2010ರಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕರ್ನಾಟಕಕ್ಕೆ ಅನುಮತಿ ಕೊಟ್ಟಿತು. ಈಗಿನದಕ್ಕಿಂತ ನಾಲ್ಕೂವರೆ ಮೀಟರಿಗೂ ಹೆಚ್ಚು. ಅದು ಕಾರ್ಯಗತವಾದ ದಿನ ಹಿನ್ನೀರು ಒಡ್ಡಿನ ಬುಡದಲ್ಲಿ ನಿಲ್ಲುವುದಿಲ್ಲ, ಇನ್ನೂ ಮೇಲೇರುತ್ತದೆ. ಆಗ ಎತ್ತಿ ಸುರಿಯುವ ಪಂಪು ಬೇಕೇ, ಹೊಳೆಯಲ್ಲಿ ತಾವೇ ನೆಟ್ಟ ಕಂಬಗಳಿಗೆ ಏನು ಕೆಲಸ, ಮತ್ತೆ ಯಾರ ಹೊಲ ನೀರಡಿ ಹೋಗುತ್ತದೆ ಎಂಬುದನ್ನು ಸಂಘದವರು ಲೆಕ್ಕ ಹಾಕಲೇಬೇಕು. ಅಲ್ಲಿಯವರೆಗೆ ಚಿಕ್ಕಪಡಸಲಗಿಯ ದಂಡೆಯಲ್ಲಿ ಮಳೆಗಾಲ ಕಳೆದ ಮೇಲೆ ಹೊಳೆ ಇಳಿಯುವುದನ್ನು ನೋಡುತ್ತ ಕೆಲವರು ನಿಂತಿರುತ್ತಾರೆ, ತೆರವು ಮುಚ್ಚುವ ದಿನ ಗೊತ್ತು ಮಾಡಲು.