ಅಲಗಿನ ಕೊನೆಯ ಹದ: ಚರ್ಮದ ಪಟ್ಟಿ

ಉಳಿ, ಕೀಸುಳಿ ಮೊದಲಾದ ಮರಗೆಲಸದ ಹತಾರಗಳನ್ನು ಸಾಣೆಕಲ್ಲಿನ ಮೇಲೆ ಮಸೆದಾಗ ಅಲಗಿನ ಅಂಚಿನಲ್ಲಿ ಲೋಹದ ಅತಿ ತೆಳುವಾದ ಎಳೆಯೊಂದು ಮಡಚಿಕೊಂಡು ಉಳಿಯುತ್ತದೆ. ಸಿಬಿರು ಎನ್ನಬಹುದಾದ ಈ ಎಳೆ ಕಣ್ಣಿಗೆ ಕಾಣದಿದ್ದರೂ ಅಲಗಿನ ಬೆನ್ನಿನಿಂದ ಅಂಚಿನ ಹೊರಕ್ಕೆ ಬೆರಳನ್ನು ಮೆಲ್ಲಗೆ ಸವರಿದರೆ ತೊಡಕುತ್ತದೆ. ಅದನ್ನು ತೆಗೆಯದೆ ಕೆಲಸಕ್ಕಿಳಿದರೆ ಅದು ಮುರಿದು ಅಂಚು ಬೇಗನೆ ಮೊಂಡಾಗುತ್ತದೆ. ಸಿಬಿರನ್ನು ನೀಗಿಸಿ ಅಂಚಿಗೆ ಹೊಳಪು ಕೊಡುವ ಸಾಧನವೇ ಸ್ಟ್ರಾಪ್, ಅಂದರೆ ಸಮತಟ್ಟಾದ ಹಲಗೆಗೆ ಅಂಟಿಸಿದ ಚರ್ಮದ ಪಟ್ಟಿ.

ಬರಿಯ ಚರ್ಮ ಉಕ್ಕನ್ನು ಸವೆಸುವುದು ಅತ್ಯಲ್ಪವಾದ್ದರಿಂದ ಅದರ ಮೇಲೆ ಕ್ರೋಮಿಯಂ ಆಕ್ಸೈಡ್ ಬೆರೆತ ಹಸಿರು ಮೇಣವನ್ನು ತೆಳುವಾಗಿ ಹಚ್ಚುತ್ತಾರೆ. ಅದರ ಅತಿ ಸಣ್ಣ ಕಣಗಳು ಕಲ್ಲು ಬಿಟ್ಟ ಗೀರುಗಳನ್ನು ಅಳಿಸುತ್ತವೆ. ಸಾಮಾನ್ಯವಾಗಿ 25ರಿಂದ 30 ಡಿಗ್ರಿಯಷ್ಟಿರುವ ಅಲಗಿನ ಓರೆಮುಖವನ್ನು ಅದೇ ಕೋನದಲ್ಲಿ ಪಟ್ಟಿಗೆ ತಾಗಿಸಿ, ಅಂಚು ಹಿಂದಾಗುವಂತೆ ಎಳೆಯಬೇಕು. ಅಂಚನ್ನು ಮುಂದುಮಾಡಿ ತಳ್ಳಿದರೆ ಚರ್ಮವೇ ಕೊಯ್ದುಹೋಗುತ್ತದೆ. ಬಳಿಕ ಬೆನ್ನನ್ನು ಪೂರ್ತಿ ಚಪ್ಪಟೆಯಾಗಿಟ್ಟು ಎಳೆದು, ಎರಡೂ ಬದಿಗಳನ್ನು ಸರದಿಯಂತೆ ಉಜ್ಜಿದರೆ ಸಿಬಿರು ಅತ್ತಿತ್ತ ಬಾಗಿ ಕಳಚಿಕೊಳ್ಳುತ್ತದೆ. ಬಾಗಿದ ಕೆತ್ತನೆಯುಳಿಗಳ ಒಳಮೈಗೆ ಅದರ ಬಾಗಿಗೆ ಹೊಂದುವ ಮರದ ತುಂಡಿಗೆ ಚರ್ಮ ಸುತ್ತಿ ಬಳಸಲಾಗುತ್ತದೆ.

ಇಲ್ಲಿ ಬಲಕ್ಕಿಂತ ಹದ ಮುಖ್ಯ. ಹೆಚ್ಚು ಒತ್ತಿದರೆ ಮೆತ್ತನೆಯ ಚರ್ಮ ತಗ್ಗಿ ಅಂಚಿನ ಹಿಂದೆ ಉಬ್ಬುವುದರಿಂದಲೂ, ಎಳೆತದ ಕೊನೆಗೆ ಹಿಡಿಯನ್ನು ಎತ್ತಿದರೆ ಕೋನ ಬದಲಾಗುವುದರಿಂದಲೂ ಅಂಚು ದುಂಡಗಾಗಿ, ಹೊಳೆದರೂ ಕತ್ತರಿಸದ ಸ್ಥಿತಿಗೆ ಬರುತ್ತದೆ. ಮೆದುಮರದ ಅಡ್ಡಕೊಯ್ತದ ಮುಖವನ್ನು ನಾರು ಕುಸಿಯದಂತೆ ನುಣ್ಣಗೆ ಕೆತ್ತುವ ಉಳಿಯೇ ನಿಜವಾಗಿ ಹರಿತವಾದುದು. ಕೆಲಸದ ನಡುವೆ ಆಗಾಗ ಪಟ್ಟಿಗೆ ಉಜ್ಜಿದರೆ ಹರಿತ ಹೆಚ್ಚು ಕಾಲ ಉಳಿಯುತ್ತದೆಯಾದರೂ, ಮುಕ್ಕಾದ ಅಥವಾ ಪೂರ್ತಿ ಮೊಂಡಾದ ಅಲಗಿಗೆ ಸಾಣೆಕಲ್ಲೇ ಬೇಕು.